ಐದು ಜಿಪ್ಪಿನ ಈರುಳ್ಳಿ

ಶಾಲೆಚೀಲಕ್ಕೊಂದು ಜಿಪ್ ಹೊಲಿದರೆ ಮೂವತ್ತು ಸೆಂತಿಮೊ.
ಹಾಗಾಗಿ ನನ್ನ ಮನೆಯಲ್ಲಿ ಎಲ್ಲಕ್ಕೂ ಜಿಪ್ಪಿನದೇ ಲೆಕ್ಕ.
ಕಿಲೋ ಈರುಳ್ಳಿಗೆ ಐದು ಜಿಪ್ಪು.
ಗ್ಯಾಸ್ ಸಿಲಿಂಡರಿಗೆ ಎಷ್ಟು ಅಂತ ಕೇಳಬೇಡಿ,
ಅದು ಮುಗಿದ ವಾರ
ಬೆರಳಿಗೆ ಸೂಜಿ ಹೊಕ್ಕಿದ್ದೂ ತಿಳಿಯುವುದಿಲ್ಲ.

ಲುಸ್ಮೀಲಾಗೆ ಒಂಬತ್ತು ತುಂಬಿದ ಶನಿವಾರ
ಹತ್ತು ಸೋಲಿನ ನೋಟು ಮಡಿಸಿ ಕೈಗಿಟ್ಟೆ.
ಮೂವತ್ತಮೂರು ಜಿಪ್ಪು, ಮೇಲೊಂದು ಚೂರು.
ಎರಡು ಕಿಲೋ ಆಲೂಗಡ್ಡೆ, ಒಂದು ಕಿಲೋ ಈರುಳ್ಳಿ,
ಕಾಲು ಕಿಲೋ ಚೀಸ್, ಒಂದು ಕಟ್ಟು ಕೊತ್ತಂಬರಿ.
ಒಂದು ಸೋಲ್ ಉಳಿಸು, ಅದು ಇಬ್ಬರ ಬಸ್ಸಿಗೆ.
ಉಳಿಯದಿದ್ದರೆ?
ಕಾಲಿದೆಯಲ್ಲ, ಅಂದೆ.

ಅರೆಕಿಪಾದ ದೊಡ್ಡ ಮಾರುಕಟ್ಟೆ, ಕಬ್ಬಿಣದ ಸೂರು,
ಕೆಳಗೆ ಹಣ್ಣಿನ ರಸದ ಮಿಕ್ಸರುಗಳ ಗುರುಗುರು.
ಹತ್ತು ಹೆಜ್ಜೆ ಹಿಂದೆ ನಾನು.
ಕೈಯೆರಡೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ,
ಬಿಟ್ಟರೆ ಅವೇ ಮುಂದೆ ಹೋಗಿ ಚೌಕಾಸಿ ಮಾಡಿಯಾವು.

ಮೊದಲ ಅಂಗಡಿಯಲ್ಲಿ ಆಲೂಗಡ್ಡೆ ಎರಡು ಸೋಲ್.
ತೊಳೆದು ಒರೆಸಿ, ಮದುವೆಗೆ ಹೊರಟಂತೆ ಕೂತಿದ್ದವು.
ನೋಡಿದಳು, ಮುಂದೆ ಹೋದಳು.
ಮೂರನೆಯದರಲ್ಲಿ ಒಂದೂ ಎಂಬತ್ತು.
ಮೂಲೆಯಲ್ಲಿ ದೋನ್ಯ ಫೆಲಿಸಿತಾಸ್ ಬಳಿ
ಮಣ್ಣು ಮೆತ್ತಿದ ಗೋಲಿಗಾತ್ರದವು, ಒಂದೂವರೆ.
'ಸಿಪ್ಪೆ ಸಮೇತ ಬೇಯಿಸಿದರೆ ಆಯಿತು' ಎಂದು
ತನಗೆ ತಾನೇ ಹೇಳಿಕೊಂಡಿದ್ದು ನನಗೂ ಕೇಳಿತು.
ಬೇಯಿಸುವುದು ಯಾರು, ಕೇಳಲಿಲ್ಲ.

'ಯಾಪಾ, ಕಸೇರಿತಾ?'
ಕೊಸರು ಕೇಳಲು ನಾಚಿಕೆ ಪಡಬಾರದು,
ಅದೊಂದನ್ನು ನಾನು ಹೇಳಿಕೊಟ್ಟಿದ್ದೆ.
ಎರಡು ನೇರಳೆ ಗಡ್ಡೆ ಚೀಲಕ್ಕೆ ಬಿದ್ದವು.

ಚೀಸಿನವ ತಕ್ಕಡಿಗೆ ತುಂಡಿಟ್ಟ, ಸೊರಸೊರ ನೀರು.
'ನೀರು ಬಸಿದು ತೂಗಿ' ಅಂದಳು ನನ್ನ ಮಗಳು,
'ನೀರು ನಮ್ಮ ನಲ್ಲಿಯಲ್ಲೂ ಬರುತ್ತೆ.'
ಅವನು ನಕ್ಕ. ಬಸಿದ. ಇನ್ನೊಂದು ಚೂರು ಕತ್ತರಿಸಿದ.
ನನ್ನ ಕೈ ಬೆನ್ನ ಹಿಂದೆಯೇ ಚಪ್ಪಾಳೆ ತಟ್ಟಿತು.

ಈಗ ಒಂದೂವರೆ ಸೋಲ್ ಉಳಿದಿದೆ,
ಅರ್ಧ ಕೊತ್ತಂಬರಿಗೆ, ಒಂದು ಬಸ್ಸಿಗೆ.
ಬಾಯಲ್ಲೇ ಗುಣಿಸಿ, ಭಾಗಿಸಿ, ಮನೆ ತಲುಪಿಬಿಟ್ಟಿದ್ದೆ ನಾನು.

ಬಾಗಿಲ ಹೊರಗೆ, ನೆಲದ ಮೇಲೆ ಒಬ್ಬ ಮುದುಕಿ.
ಹಾಸಿದ ಗೋಣಿಯ ತುಂಬ ಖಾಲಿ,
ನಡುವೆ ನಾಲ್ಕೇ ಕಟ್ಟು ಕೊತ್ತಂಬರಿ.
ಎಷ್ಟು? ಐವತ್ತು.
ಲುಸ್ಮೀಲಾ ಒಂದು ಸೋಲ್ ಕೊಟ್ಟಳು.
ಮುದುಕಿ ಚಿಲ್ಲರೆಗೆ ಸೆರಗು, ಸೊಂಟ, ಗೋಣಿಯಡಿ ತಡಕಿದಳು.
ತಡಕುತ್ತಿದ್ದಂತೆಯೇ ಇವಳು ಎದ್ದು ಬಂದುಬಿಟ್ಟಳು.

'ಚಿಲ್ಲರೆ?'
'ಸಿಗಲಿಲ್ಲ.'
'ಕಾಯಬೇಕಿತ್ತು.'
'ಕಾದಿದ್ದರೆ ಸಿಗುತ್ತಿತ್ತು.'

ಬೈದೆ. ಸುಳ್ಳು ಹೇಳಲಾರೆ, ಚೆನ್ನಾಗಿಯೇ ಬೈದೆ.
ನಮ್ಮಲ್ಲಿ ಸೂರ್ಯನಿಗೂ ದುಡ್ಡಿಗೂ ಒಂದೇ ಹೆಸರು.
ಅಂಗೈಯಲ್ಲಿ ಅರ್ಧ ಸೂರ್ಯ ಹಿಡಿದು
ಅವಳು ಮುಂದೆ, ಚೀಲ ಹೊತ್ತ ನಾನು ಹಿಂದೆ,
ಗುಡ್ಡದ ಮೆಟ್ಟಿಲು ಮುನ್ನೂರ ಹನ್ನೆರಡು.
ಒಬ್ಬರಿಗಾದರೂ ಬಸ್ಸಿತ್ತು,
ಯಾರು ಹತ್ತುವುದೆಂದು ತೀರ್ಮಾನವಾಗಲಿಲ್ಲ.
ನೂರನೆಯ ಮೆಟ್ಟಿಲಲ್ಲಿ ಕೇಳಿದಳು:
'ಅಮ್ಮಾ, ಅವಳಿಗೆ ಒಂದು ಕಟ್ಟಿಗೆ ಎಷ್ಟು ಜಿಪ್ಪು?'
ನನಗೆ ಏದುಸಿರು. ಉತ್ತರ ಕೊಡದಿರಲು ಅದು ಸಾಕಾಯಿತು.

ರಾತ್ರಿ ಅವಳ ಲೆಕ್ಕದ ಪುಸ್ತಕ ತೆರೆದೆ.
ಆಲೂಗಡ್ಡೆ ಮೂರು. ಈರುಳ್ಳಿ ಒಂದೂವರೆ. ಚೀಸ್ ನಾಲ್ಕು.
ಕೊತ್ತಂಬರಿ ಐವತ್ತು.
ಅದರ ಕೆಳಗೆ, ರಬ್ಬರಿನಲ್ಲಿ ಉಜ್ಜಿ ಮತ್ತೆ ಬರೆದ ಸಾಲು:
ಯಾಪಾ, ನಾವು ಕೊಟ್ಟಿದ್ದು, ಐವತ್ತು.
ಕೂಡಿಸಿ ನೋಡಿದೆ. ಸರಿಯಾಗಿತ್ತು.

ಹಾಗಂತ ಮುಂದಿನ ಶನಿವಾರಕ್ಕೂ ಒಪ್ಪಿದೆನೆಂದಲ್ಲ.
ದೀಪದಡಿ ಮೆಷೀನಿಗೆ ಕೂತು
ಮಲಗುವ ಮೊದಲು ಎರಡು ಜಿಪ್ ಹೆಚ್ಚು ಹೊಲಿದೆ.
ನಿಜಕ್ಕೂ ಬೇಕಿದ್ದದ್ದು ಒಂದೂ ಮುಕ್ಕಾಲಿಗೂ ಕಮ್ಮಿ.
ಲೆಕ್ಕ ಅಂದರೆ ಲೆಕ್ಕ.
ಮಿಕ್ಕ ಚೂರು ಯಾರ ಖಾತೆಗೆ,
ಬೆಳಗ್ಗೆ ಅವಳನ್ನೇ ಕೇಳಬೇಕು.